ಹಾಲಿನ ಪಾಸ್‌ಬುಕ್ಕಿನಿಂದಲೇ ಅಕ್ಷರಾಭ್ಯಾಸ



ಕೊಟ್ಟಿಗೆ ಗುಡಿಸುವುದು, ಹುಲ್ಲು ತರುವುದು, ಹಿಂಡಿ ಕಲಸುವುದು, ಹಾಲು ಕರೆಯುವುದು ಇವೆಲ್ಲ ಹೆಚ್ಚಾಗಿ ಹೆಂಗಸರ ಕೆಲಸ. ಆದರೆ ಹಾಲಿನ ಲೆಕ್ಕ ಓದುವವರು ಮಾತ್ರ ಬೇರೆಯವರು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಪುರುಷರ ಸಾಕ್ಷರತೆ ಶೇ. 82.47, ಮಹಿಳೆಯರದು ಶೇ. 68.08. ಈ ಅಂತರದ ನಷ್ಟ ಎಷ್ಟೆಂಬುದನ್ನು ನಿಮ್ಮ ಪಾಸ್‌ಬುಕ್ಕೇ ಹೇಳುತ್ತದೆ.

ಒಂದು ಚುಕ್ಕೆಯ ಬೆಲೆ

2.500 ಎಂದರೆ ಎರಡೂವರೆ ಲೀಟರು. 2.050 ಎಂದರೆ ಎರಡು ಲೀಟರು 50 ಮಿ.ಲೀ. ನೋಡಲು ಎರಡೂ ಒಂದೇ ತೆರ. ಬರೆಯುವವರ ಕೈತಪ್ಪಿನಿಂದ ಒಂದರ ಬದಲು ಇನ್ನೊಂದು ಬಿದ್ದರೆ ಒಂದು ಹೊತ್ತಿಗೆ 450 ಮಿ.ಲೀ. ಕಡಿಮೆಯಾಯಿತು. ಎರಡು ಹೊತ್ತಿನಂತೆ 30 ದಿನ ಹೀಗೇ ನಡೆದರೆ 27 ಲೀಟರು! ಅಂಕಿ ಬಲ್ಲ ಸದಸ್ಯೆ ಅಂದೇ, ಅಲ್ಲೇ ಕೇಳಿ ಸರಿಪಡಿಸಿಕೊಳ್ಳುತ್ತಾಳೆ.

ಕಲಿಸುವುದು ಹೇಗೆ?

1. ಮೊದಲು ಅಂಕಿ. ಬಸ್ಸಿನ ನಂಬರು, ನೋಟು, ಕ್ಯಾಲೆಂಡರು ನೋಡಿ ಅನೇಕರಿಗೆ ಅಂಕಿಯ ಪರಿಚಯ ಆಗಲೇ ಇರುತ್ತದೆ.
2. ಅನಂತರ ಪಾಸ್‌ಬುಕ್ಕಿನ ಪದಗಳು: ಹಾಲು, ಲೀಟರು, ಜಿಡ್ಡು, ದರ, ಹಣ.
3. ಆಮೇಲೆ ಸ್ವಂತ ಹೆಸರು, ಮನೆಯವರ ಹೆಸರು, ಊರು.
4. ಕೊನೆಗೆ ಬ್ಯಾಂಕಿನ ಚಲನ್, ಸಭೆಯ ನೋಟೀಸು.

ಭಟ್ಕಳ ತಾಲ್ಲೂಕಿನ ಕಾಯ್ಕಿಣಿಯಂಥ ಊರುಗಳಲ್ಲಿ ಕೆಲವರ ಮನೆಮಾತು ಕೊಂಕಣಿ, ಕೆಲವರದು ನವಾಯತಿ. ಅಂಥವರಿಗೆ ಪದದ ಅರ್ಥವನ್ನು ಮನೆಮಾತಿನಲ್ಲಿ ಹೇಳಿ, ಬರವಣಿಗೆಯನ್ನು ಕನ್ನಡದಲ್ಲಿ ಕಲಿಸಿದರೆ ಬೇಗ ಹಿಡಿಯುತ್ತದೆ.

ಸಾಕ್ಷರತಾ ಕಾರ್ಯಕ್ರಮಗಳಲ್ಲಿ ಮೂಲ ಕಲಿಕೆಗೆ ಸುಮಾರು 200 ಗಂಟೆ ಬೇಕೆಂಬ ಲೆಕ್ಕವಿದೆ. ಎರಡು ಹೊತ್ತಿನ ಹಾಲಿನ ನಡುವೆ, ಮಧ್ಯಾಹ್ನದ ಊಟವಾದ ಮೇಲೆ ದಿನಕ್ಕೊಂದು ಗಂಟೆ ಕುಳಿತರೆ ಸುಮಾರು ಏಳು ತಿಂಗಳಲ್ಲಿ ಮುಗಿಯುತ್ತದೆ. ನಾಟಿಯ ದಿನಗಳಲ್ಲಿ ಬಿಡುವು ಕೊಡಿ. ಆಮೇಲೆ ಮರೆಯದೆ ಮುಂದುವರಿಸಿ.

ಸೌಲಭ್ಯಗಳು

1986-87ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸ್ಟೆಪ್’ ಯೋಜನೆಯಡಿ ನಮ್ಮ ರಾಜ್ಯದಲ್ಲಿ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಗಳು ಬೆಳೆದವು. ಲೆಕ್ಕ, ಸಭೆ, ಆಡಳಿತ ಎಲ್ಲವನ್ನೂ ಹೆಂಗಸರೇ ನಡೆಸಬಲ್ಲರೆಂದು ಅವು ತೋರಿಸಿಕೊಟ್ಟವು. 15 ವರ್ಷ ಮೇಲ್ಪಟ್ಟ ಅನಕ್ಷರಸ್ಥರಿಗಾಗಿ 2022ರಿಂದ 2027ರವರೆಗಿನ ಅವಧಿಗೆ ‘ಉಲ್ಲಾಸ್’ ನವ ಭಾರತ ಸಾಕ್ಷರತಾ ಕಾರ್ಯಕ್ರಮವಿದೆ. ಇದರಲ್ಲಿ ಕಲಿಸುವವರು ಸ್ವಯಂಸೇವಕರು. ನಿಮ್ಮ ಗ್ರಾಮ ಪಂಚಾಯಿತಿ ಅಥವಾ ಹತ್ತಿರದ ಸರ್ಕಾರಿ ಶಾಲೆಯಲ್ಲಿ ವಿಚಾರಿಸಿರಿ.

ನಡುವೆ ಶಾಲೆ ಬಿಟ್ಟ ಹೆಣ್ಣುಮಕ್ಕಳು ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆ ಕಟ್ಟಬಹುದು. ಕರು ಕಾಯಲೆಂದು ಮಗಳನ್ನು ಶಾಲೆ ಬಿಡಿಸಬೇಡಿ. ನಾಳೆ ಸಂಘದ ಕಾರ್ಯದರ್ಶಿಯಾಗಬಲ್ಲವಳು ಅವಳೇ.

ಸಹಕಾರ ಸಂಘದಲ್ಲಿ ಒಬ್ಬ ಸದಸ್ಯರಿಗೆ ಒಂದೇ ಮತ. ಹತ್ತು ದನ ಇದ್ದವರಿಗೂ ಅಷ್ಟೇ, ಒಂದು ದನ ಇದ್ದವಳಿಗೂ ಅಷ್ಟೇ. ಆದರೆ ನಡವಳಿ ಓದಲು ಬಾರದೆ ಅದಕ್ಕೆ ಹೆಬ್ಬೆಟ್ಟು ಒತ್ತಿದರೆ ಆ ಮತದ ಬಲ ಉಳಿಯುವುದೇ?

ಓದಬಲ್ಲ ಸದಸ್ಯರೇ, ಈ ಪುಟವನ್ನು ಪಕ್ಕದ ಮನೆಯ ಅಕ್ಕನಿಗೆ ಓದಿ ಹೇಳಿರಿ. ಇಂದು ಸಂಜೆ ಹಾಲು ಹಾಕಲು ಹೋಗುವಾಗ ಅವರ ಪಾಸ್‌ಬುಕ್ಕಿನ ಒಂದು ಸಾಲನ್ನಾದರೂ ಅವರಿಂದಲೇ ಓದಿಸಿರಿ.