ಸೈನಿಕರ ಮಕ್ಕಳಿಗೆ ‘ಎಲ್ಲವೂ ಫ್ರೀ’ ಎಂಬುದು ನಿಜವೇ? ಟಿಸಿ ಕೊಡದಿದ್ದರೆ ಏನು ಮಾಡಬೇಕು?

“ಸೈನ್ಯದಲ್ಲಿರುವವರ ಮಕ್ಕಳಿಗೆ ಯಾವ ಶಾಲೆಯಾದರೂ ಸೀಟು ಕೊಡಲೇಬೇಕು, ಫೀಸು ಕೇಳುವಂತಿಲ್ಲ” ಎಂಬ ಅರ್ಥದ ಮೆಸೇಜ್ ನಿಮ್ಮ ಗ್ರೂಪ್‌ಗೂ ಬಂದಿರಬಹುದು. ಓದಿದರೆ ಹೆಮ್ಮೆ ಎನಿಸುತ್ತದೆ, ಬೆರಳು ತಾನಾಗಿ ಫಾರ್ವರ್ಡ್ ಒತ್ತುತ್ತದೆ. ಆದರೆ ಅದನ್ನೇ ನಂಬಿ ಶಾಲೆಗೆ ಹೋದ ತಾಯಿ ಬರಿಗೈಯಲ್ಲಿ ವಾಪಸ್ ಬರಬೇಕಾಗುತ್ತದೆ. ಈ ಮಕ್ಕಳಿಗೆ ನಿಜವಾಗಿ ಇರುವ ಹಕ್ಕುಗಳೇ ಬೇರೆ.

ಮೊದಲು ಫೀಸಿನ ವಿಷಯ. ಯುದ್ಧ ಅಥವಾ ಕಾರ್ಯಾಚರಣೆಯಲ್ಲಿ ಮಡಿದ, ಕಾಣೆಯಾದ, ಶಾಶ್ವತವಾಗಿ ಅಂಗವಿಕಲರಾದ ಸೈನಿಕರ ಮಕ್ಕಳಿಗೆ ಕೇಂದ್ರದ ಶಿಕ್ಷಣ ರಿಯಾಯಿತಿ ಇದೆ. 1971ರ ಯುದ್ಧ ಮುಗಿದ ಬೆನ್ನಲ್ಲೇ ಘೋಷಣೆಯಾದ ಯೋಜನೆಯಿದು. 2017ರಲ್ಲಿ ಸರ್ಕಾರ ಇದಕ್ಕೆ ತಿಂಗಳಿಗೆ 10,000 ರೂಪಾಯಿ ಮಿತಿ ಹಾಕಿತು. ಆಗಿನ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ಸುನಿಲ್ ಲಾಂಬಾ ಅವರೇ ರಕ್ಷಣಾ ಸಚಿವರಿಗೆ ಪತ್ರ ಬರೆದರು. 2018ರ ಮಾರ್ಚ್‌ನಲ್ಲಿ ಮಿತಿ ಹೋಯಿತು. ಸೇವೆಯಲ್ಲಿರುವ ಯೋಧರಿಗೆ ಈ ಯೋಜನೆ ಅನ್ವಯಿಸುವುದಿಲ್ಲ. ಅವರಿಗೆ ಸಿಗುವುದು ಉಳಿದ ಕೇಂದ್ರ ನೌಕರರಂತೆ ಮಕ್ಕಳ ಶಿಕ್ಷಣ ಭತ್ಯೆ. 2024ರ ಜನವರಿಯಿಂದ ಅದು ಮಗುವೊಂದಕ್ಕೆ ತಿಂಗಳಿಗೆ 2,812.50 ರೂಪಾಯಿ, ಸಾಮಾನ್ಯವಾಗಿ ಇಬ್ಬರು ಮಕ್ಕಳಿಗೆ. ಮೆಸೇಜ್ ಬರೆಯುವವರು ಈ ಎರಡನ್ನೂ ಕಲಸಿಬಿಡುತ್ತಾರೆ.

ನಮ್ಮ ಪ್ರಕಾರ ಈ ಮಕ್ಕಳ ದೊಡ್ಡ ಕಷ್ಟ ಫೀಸಲ್ಲ, ಊರು ಬದಲಾಗುವುದು. ಅಪ್ಪ ‘ಫೀಲ್ಡ್’ ಪೋಸ್ಟಿಂಗ್‌ನಲ್ಲಿದ್ದರೆ ಕುಟುಂಬ ಜೊತೆಗಿರುವಂತಿಲ್ಲ. ಕೊಡಗಿನಲ್ಲೋ ಬೆಳಗಾವಿಯ ಹಳ್ಳಿಯಲ್ಲೋ ಅಜ್ಜಿ ಮನೆಯಲ್ಲಿದ್ದು ಕನ್ನಡ ಶಾಲೆಗೆ ಹೋಗುವ ಮಗು, ಅಪ್ಪನಿಗೆ ‘ಪೀಸ್ ಸ್ಟೇಷನ್’ ಸಿಕ್ಕಾಗ ದೂರದ ರಾಜ್ಯಕ್ಕೆ ಹೊರಡಬೇಕು. ಕ್ವಾರ್ಟರ್ಸ್ ಜೂನ್ ನೋಡಿಕೊಂಡು ಖಾಲಿಯಾಗುವುದಿಲ್ಲವಲ್ಲ! ವರ್ಷದ ನಡುವೆ ಹೋದರೆ ಹಳೆಯ ಶಾಲೆ ಟಿಸಿಗೆ ಅಲೆದಾಡಿಸುತ್ತದೆ, ಹೊಸ ಶಾಲೆ ಟಿಸಿ ಇಲ್ಲದೆ ಸೇರಿಸಿಕೊಳ್ಳುವುದಿಲ್ಲ. ಮಗು ಮನೆಯಲ್ಲಿ ಕೂರುತ್ತದೆ.

ಇಲ್ಲಿ ನೆರವಿಗೆ ಬರುವುದು 2009ರ ಶಿಕ್ಷಣ ಹಕ್ಕು ಕಾಯ್ದೆ. ಇದು ಸೈನಿಕರಿಗೆಂದೇ ಮಾಡಿದ್ದಲ್ಲ, 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಸೇರಿದ್ದು. ಇದರ 5ನೇ ಸೆಕ್ಷನ್ ಪ್ರಕಾರ ಯಾವುದೇ ಕಾರಣಕ್ಕೆ ಶಾಲೆ ಬದಲಿಸಬೇಕಾದರೆ ಮುಖ್ಯಶಿಕ್ಷಕರು ಕೂಡಲೇ ಟಿಸಿ ಕೊಡಬೇಕು. ತಡ ಮಾಡಿದರೆ ಅವರ ಮೇಲೆ ಶಿಸ್ತುಕ್ರಮ ಆಗಬಹುದು. ಟಿಸಿ ಬರುವುದು ತಡವಾಯಿತು ಎಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ದಾಖಲಾತಿ ಅವಧಿ ಮುಗಿದಿದೆ (15ನೇ ಸೆಕ್ಷನ್), ವಯಸ್ಸಿನ ದಾಖಲೆ ಇಲ್ಲ (14ನೇ ಸೆಕ್ಷನ್) ಎಂಬ ನೆಪಗಳೂ ನಡೆಯುವುದಿಲ್ಲ.

ಆದರೆ ಗಮನಿಸಿ: ಹೀಗೆ ವರ್ಗವಾಗಿ ಸೇರುವ ಹಕ್ಕು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಮಾತ್ರ. ಅನುದಾನರಹಿತ ಖಾಸಗಿ ಶಾಲೆ, ಕೇಂದ್ರೀಯ ವಿದ್ಯಾಲಯ, ಸೈನಿಕ ಶಾಲೆಗಳನ್ನು ಕಾಯ್ದೆಯೇ ಹೊರಗಿಟ್ಟಿದೆ. “ಯಾವ ಶಾಲೆಯಾದರೂ” ಎಂಬ ಮಾತು ಸುಳ್ಳಾಗುವುದು ಇಲ್ಲೇ. ಕೇಂದ್ರೀಯ ವಿದ್ಯಾಲಯಗಳಲ್ಲಿ ಸೈನಿಕರ ಮಕ್ಕಳಿಗೆ ಬೇರೆ ನಿಯಮದಡಿ ಆದ್ಯತೆ ಇದೆ, ಕಳೆದ ಏಳು ವರ್ಷಗಳಲ್ಲಿ ಎಷ್ಟು ಬಾರಿ ವರ್ಗವಾಗಿದೆ ಎಂಬುದನ್ನೂ ಲೆಕ್ಕ ಹಾಕುತ್ತಾರೆ. ಆದ್ಯತೆ ಎಂದರೆ ಗ್ಯಾರಂಟಿ ಅಲ್ಲ.

ಶಾಲೆ ಒಪ್ಪದಿದ್ದರೆ ಬಾಯಿಮಾತಿನಲ್ಲಿ ಜಗಳವಾಡಬೇಡಿ. ನಿರಾಕರಣೆಯ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ನಮ್ಮ ರಾಜ್ಯದಲ್ಲಾದರೆ ಬಿಇಒ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು ಎನ್ನುತ್ತದೆ ಕಾಯ್ದೆ (ಅಷ್ಟರಲ್ಲಿ ಮಗುವಿನ ಒಂದು ಪರೀಕ್ಷೆ ಮುಗಿದೇ ಹೋಗಿರುತ್ತದೆ, ಅದು ಬೇರೆ ಮಾತು). ಅದೂ ಸರಿಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಮಗು ಮಂಕಾಗಿದ್ದರೆ, ನಿದ್ದೆಗೆಟ್ಟಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ.

ಇನ್ನು ಸಿಇಟಿ. ಹೊರರಾಜ್ಯದಲ್ಲಿ ಓದಿದ ಮಕ್ಕಳಿಗೆ ಕರ್ನಾಟಕದ ಸೀಟು ಸಿಗುವುದೇ ಇಲ್ಲ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಸೈನ್ಯಕ್ಕೆ ಸೇರುವಾಗ ಕರ್ನಾಟಕದ ಊರನ್ನು ಸ್ವಂತ ಊರೆಂದು ಘೋಷಿಸಿದವರ ಮಕ್ಕಳಿಗೆ ಕೆಇಎ ನಿಯಮದಲ್ಲಿ ಪ್ರತ್ಯೇಕ ಅವಕಾಶವಿದೆ. ಆ ಘೋಷಣೆಯ ದಾಖಲೆ ಸೇವಾ ಕಡತದಲ್ಲಿರುತ್ತದೆ, ಪ್ರಮಾಣಪತ್ರ ತರಿಸಲು ಸಮಯ ಹಿಡಿಯುತ್ತದೆ. ಮಗು ದ್ವಿತೀಯ ಪಿಯುಗೆ ಬರುತ್ತಿದ್ದಂತೆಯೇ ಅರ್ಜಿ ಹಾಕಿಡಿ, ಆ ವರ್ಷದ ಸಿಇಟಿ ಮಾಹಿತಿ ಪುಸ್ತಕದಲ್ಲಿ ನಮೂನೆ ನೋಡಿಕೊಳ್ಳಿ.