ಸೆಲ್ಲು ಕಿತ್ತರೆ ಮರೆಯುವುದು ಗಡಿಯಾರ ಮಾತ್ರ

ಹೋದ ತಿಂಗಳ ಒಂದು ಭಾನುವಾರ ಬಸವೇಶ್ವರನಗರದಿಂದ ಅಕ್ಕನ ಮಗನು ವಿಜಯನಗರದ ನಮ್ಮ ಮನೆಗೆ ಬಂದಾಗ ಅವನ ಒಂದು ಕೈಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪೂ, ಇನ್ನೊಂದರಲ್ಲಿ ಅದರ ಸ್ಕ್ರೂಗಳನ್ನು ತುಂಬಿದ ಕುಂಕುಮದ ಭರಣಿಯೂ ಇದ್ದುವು. ಪೆನ್‌ಡ್ರೈವಿನಿಂದ ಲಿನಕ್ಸ್ ಹಾಕಿಕೊಳ್ಳಲು ಹೊರಟವನನ್ನು, ಯಂತ್ರ ಹಚ್ಚಿದೊಡನೆ ಎಲ್ಲಕ್ಕಿಂತ ಮೊದಲು ಏಳುವ ತಂತ್ರಾಂಶವಾದ ಬಯಾಸು ಪಾಸ್‌ವರ್ಡು ಕೇಳಿ ಬಾಗಿಲಲ್ಲೇ ತಡೆದಿತ್ತು. ಮಾರಿದ ಅಂಗಡಿಯವನಿಗೂ ಅದು ಗೊತ್ತಿರಲಿಲ್ಲ. ಯಾವುದೋ ವಿಡಿಯೋದ ಉಪದೇಶದಂತೆ ಮದರ್‌ಬೋರ್ಡಿನ ಸೆಲ್ಲನ್ನು ಕಿತ್ತು, ಅಲ್ಲಿ ಅರ್ಧ ಗಂಟೆ ಎಂದಿದ್ದರೆ ಇವನು ಭಕ್ತಿಯಿಂದ ಎರಡು ದಿನ ಹೊರಗಿಟ್ಟು, ಮರಳಿ ಹಾಕಿದ್ದನು.

“ಮಾಮ, ಅದು ಮರೀಲೇ ಇಲ್ಲ” ಎಂದನು.

ಮರೆತದ್ದು ಗಡಿಯಾರ. ಪರದೆಯ ಮೂಲೆಯಲ್ಲಿ 2012ರ ಜನವರಿ 1 ಎಂದಿತ್ತು. ಆ ದಿನಾಂಕದ ದೆಸೆಯಿಂದ, ಪ್ರಮಾಣಪತ್ರದ ಅವಧಿ ಇನ್ನೂ ಆರಂಭವಾಗಿಲ್ಲವೆಂದು ಬಗೆದ ಬ್ರೌಸರು ಬ್ಯಾಂಕಿನ ಪುಟವನ್ನು ತೆರೆಯಲೊಲ್ಲದು. ಬಿಚ್ಚುವ ಭರದಲ್ಲಿ ಕೀಬೋರ್ಡಿನ ತೆಳುಪಟ್ಟಿಯೂ ಹರಿದಿತ್ತು.

ಸೆಲ್ಲು ಕಿತ್ತರೆ ಪಾಸ್‌ವರ್ಡು ಅಳಿಯುತ್ತದೆಂಬ ಈ ನಂಬಿಕೆ ಹುಟ್ಟಿದಾಗ ಸುಳ್ಳಾಗಿರಲಿಲ್ಲವೆಂಬುದೇ ಅದರ ದೀರ್ಘಾಯುಸ್ಸಿಗೆ ಕಾರಣ. 1984ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಪಿಸಿ-ಎಟಿ ಯಂತ್ರದಲ್ಲಿ ಮೊಟೊರೊಲಾ ಕಂಪನಿಯ ಗಡಿಯಾರದ ಚಿಪ್ಪೊಂದಿತ್ತು; ಅದರ 64 ಬೈಟುಗಳಲ್ಲಿ 14 ಕಾಲಗಣನೆಗೆ ವಿನಿಯೋಗವಾಗಿ, ಉಳಿದ 50ರಲ್ಲಿ ಯಂತ್ರದ ವಿವರಗಳು ನೆಲೆಸುತ್ತಿದ್ದುವು; ಮುಂದೆ ಬಂದ ಅನೇಕ ಡೆಸ್ಕ್‌ಟಾಪುಗಳು ಪಾಸ್‌ವರ್ಡನ್ನೂ ಬ್ಯಾಟರಿಯ ಹಂಗಿನ ಆ ಸ್ಮೃತಿಯಲ್ಲಿಯೇ ಇರಿಸಿದುದರಿಂದ, ಸೆಲ್ಲನ್ನು ತೆಗೆದೊಡನೆ ಅದೂ ಅಳಿದುಹೋಗುತ್ತಿತ್ತು. ಲ್ಯಾಪ್‌ಟಾಪಾದರೋ ಕಂಕುಳಲ್ಲಿಟ್ಟು ಒಯ್ಯಬಹುದಾದ ವಸ್ತು. ಆದಕಾರಣ ತಯಾರಕರು ಅದರ ಪಾಸ್‌ವರ್ಡನ್ನು ವಿದ್ಯುತ್ತು ಇಲ್ಲದೆಯೂ ಬರೆದುದನ್ನು ಉಳಿಸಿಕೊಳ್ಳುವ ಇಇಪ್ರಾಮ್ ಅಥವಾ ಫ್ಲಾಶ್ ಚಿಪ್ಪಿಗೆ ವರ್ಗಾಯಿಸಿದರು. ತೊಗರಿಬೇಳೆಯಷ್ಟಗಲದ ಆ ಎಂಟು ಕಾಲಿನ ಚಿಪ್ಪಿಗೆ, ಮೂರು ವೋಲ್ಟಿನ ಸೆಲ್ಲು ಪಕ್ಕದಲ್ಲಿ ಇದೆಯೋ ಇಲ್ಲವೋ ಎಂಬುದು ಎರಡು ದಿನವಲ್ಲ, ಎರಡು ವರ್ಷವಾದರೂ ಸಂಬಂಧಪಡದ ವಿಷಯ. ಲೆನೊವೊ ಕಂಪನಿಯ ಥಿಂಕ್‌ಪ್ಯಾಡುಗಳಲ್ಲಿ ಯಂತ್ರ ಹಚ್ಚುವಾಗ ಕೇಳುವ ಪವರ್-ಆನ್ ಪಾಸ್‌ವರ್ಡು ಸೆಲ್ಲು ತೆಗೆದರೆ ಹೋಗುವುದುಂಟು, ಸೆಟಪ್ಪನ್ನು ಕಾಯುವ ಸೂಪರ್‌ವೈಸರ್ ಪಾಸ್‌ವರ್ಡು ಹೋಗುವುದಿಲ್ಲ. ಈ ಅರ್ಧಸತ್ಯದ ಬೆನ್ನಮೇಲೆ ಎಷ್ಟು ವಿಡಿಯೋಗಳು ಸವಾರಿ ಮಾಡುತ್ತಿವೆಯೋ ಬಲ್ಲವರಾರು!

ಸ್ಕ್ರೂಡ್ರೈವರು ಕಂಡೊಡನೆ ಶರಣಾಗುವ ಬೀಗ ಯಾರನ್ನು ತಡೆಯುವುದಕ್ಕೆ? ಕಳ್ಳನ ಹತ್ತಿರ ಇರುವುದೇ ಅದು. ಇಷ್ಟು ಸರಳವಾದ ಪ್ರಶ್ನೆಯನ್ನು ಕೇಳಿಕೊಳ್ಳದೆ ನೂರಾರು ವಿದ್ಯಾವಂತರು ರಾತ್ರಿಯೆಲ್ಲ ಕುಳಿತು ಲ್ಯಾಪ್‌ಟಾಪಿನ ಹೊಟ್ಟೆ ಬಗೆಯುತ್ತಿರುವುದು ನನಗೆ ನಗೆಗಿಂತ ಬೇಸರವನ್ನೇ ಹೆಚ್ಚಾಗಿ ತರುತ್ತದೆ.

ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ಬಯಾಸಿನ ಪಾಸ್‌ವರ್ಡು ಹೋಗುತ್ತದೆಂಬವರು ಉಪ್ಪರಿಗೆಯನ್ನು ಗುಡಿಸಿ ತಳಮನೆಯ ಬೀಗ ತೆರೆಯಬೇಕೆನ್ನುವವರು. ಹಾರ್ಡ್‌ಡಿಸ್ಕಿನ ಪಾಸ್‌ವರ್ಡು ಡಿಸ್ಕಿನೊಳಗೇ ಇರುವುದರಿಂದ ಬೇರೆ ಯಂತ್ರಕ್ಕೆ ಹಾಕಿದರೂ ಅಲ್ಲಿಯೂ ಕೇಳುತ್ತದೆ. ಎಲ್ಲ ಕಂಪನಿಗೂ ಒಂದೇ ಮಾಸ್ಟರ್ ಪಾಸ್‌ವರ್ಡು ಉಂಟೆಂಬುದು ತೊಂಬತ್ತರ ದಶಕದ ಅವಾರ್ಡ್ ಬಯಾಸಿನ ಪಳೆಯುಳಿಕೆ.

ಒಬ್ಬನ ಹಳೆಯ ಡೆಸ್ಕ್‌ಟಾಪಿನಲ್ಲಿ ಫಲಿಸಿದ ಉಪಾಯವನ್ನು ಹತ್ತು ಜನ ಗೆದ್ದೆತ್ತಿನ ಬಾಲ ಹಿಡಿದಂತೆ ಹಿಡಿಯುತ್ತಾರೆ; ಫಲಿಸದೆ ಕೀಬೋರ್ಡಿನ ಪಟ್ಟಿ ಹರಿದುಕೊಂಡವನು ನಾಚಿ ಸುಮ್ಮನಾಗುವನಲ್ಲದೆ ವಿಡಿಯೋ ಮಾಡಲಾರನು. ನೆನೆದ ಮೊಬೈಲನ್ನು ಅಕ್ಕಿಯ ಡಬ್ಬದಲ್ಲಿ ಹೂಳುವ ವ್ರತವೂ ಹೀಗೆಯೇ ಮನೆಮನೆಗೆ ಹಬ್ಬಿತು. ಅಜ್ಜಿಯ ಮದ್ದನ್ನು ಪರೀಕ್ಷೆಯಿಲ್ಲದೆ ಒಪ್ಪೆವೆನ್ನುವ ತರುಣರು ಹೆಸರರಿಯದ ಅಪರಿಚಿತನ ಮಾತಿಗೆ ಮದರ್‌ಬೋರ್ಡನ್ನು ಒಪ್ಪಿಸುತ್ತಾರೆ.

ನೇರವಾದ ಮಾರ್ಗ ನೀರಸವಾದುದು. ಬಾಡಿಗೆ ಮುಗಿದ ಕಂಪನಿಯ ಯಂತ್ರಗಳೇ ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೆ ಹೇರಳವಾಗಿ ಬರುವುದರಿಂದ, ಮಾರಿದವನು ಹಿಂದಿನ ಒಡೆಯನನ್ನು ಕೇಳಿ ಪಾಸ್‌ವರ್ಡು ತೆಗೆಸಬೇಕು. ಅದಾಗದಿದ್ದರೆ ಬಿಲ್ಲನ್ನು ಹಿಡಿದು ತಯಾರಕರ ಸರ್ವಿಸ್ ಸೆಂಟರಿಗೆ ಹೋಗಬೇಕು. ಡೆಲ್ ಕಂಪನಿ ಒಡೆತನದ ದಾಖಲೆ ಕೇಳುತ್ತದೆ. ಥಿಂಕ್‌ಪ್ಯಾಡಿನ ಸೂಪರ್‌ವೈಸರ್ ಪಾಸ್‌ವರ್ಡು ಮರೆತರೆ ಮದರ್‌ಬೋರ್ಡನ್ನೇ ಬದಲಿಸಬೇಕೆಂದು ಲೆನೊವೊ ತನ್ನ ಕೈಪಿಡಿಯಲ್ಲಿಯೇ ಬರೆದಿದೆ. ಬಿಲ್ಲು ಕೊಡಲು ಹಿಂಜರಿಯುವ ವ್ಯಾಪಾರಿಯ ಸರಕು ಕದ್ದದ್ದೂ ಆಗಿರಬಹುದು. ಕಳವಿನ ಮಾಲೆಂದು ತಿಳಿದೂ ಕೊಂಡವನಿಗೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ ಮೂರು ವರ್ಷದವರೆಗೆ ಸೆರೆಯುಂಟು.

ಅಕ್ಕನ ಮಗನ ಹತ್ತಿರ ಸೀರಿಯಲ್ ನಂಬರು ಬರೆದ ಬಿಲ್ಲು ಇದ್ದುದರಿಂದ ಅಂಗಡಿಯವನು ಗೊಣಗುತ್ತಲೇ ಬೇರೆ ಯಂತ್ರ ಕೊಟ್ಟನು, ಹರಿದ ಪಟ್ಟಿಯ ದುಡ್ಡನ್ನು ಮುರಿದುಕೊಂಡು. ಎಸ್.ಪಿ. ರೋಡಿನಲ್ಲಾಗಲಿ ರಾಜಾಜಿನಗರದಲ್ಲಾಗಲಿ ನೀವು ಹಳೆಯ ಲ್ಯಾಪ್‌ಟಾಪು ಕೊಳ್ಳುವುದಾದರೆ, ಹಣ ಎಣಿಸುವ ಮುನ್ನ ಅಂಗಡಿಯಲ್ಲಿಯೇ ಅದನ್ನು ಆರಿಸಿ ಹಚ್ಚಿಸಿ, ಬಯಾಸಿನೊಳಕ್ಕೆ ಒಮ್ಮೆ ಹೊಕ್ಕು ನೋಡಿರಿ.