ಹೊಸ ಕಾರು ಮತ್ತು ಪೆಟ್ರೋಲಿನ ಲೆಕ್ಕ

ಹೊಸ ಕಾರು ಹೇಳಿದಷ್ಟು ಮೈಲೇಜು ಕೊಡದಿದ್ದರೆ, ‘ಎಂಜಿನ್ ಪಳಗಲಿ, ಸರಿಹೋದೀತು’ ಎನ್ನುವುದುಂಟು. ಇದರಲ್ಲಿ ನಿಜವೆಷ್ಟು?

ಸಿಲಿಂಡರಿನ ಒಳಗೋಡೆಯಲ್ಲಿ ಎಣ್ಣೆ ನಿಲ್ಲಲೆಂದು ಸೂಕ್ಷ್ಮವಾದ ಅಡ್ಡಗೀರುಗಳನ್ನು ಕೊರೆದಿರುತ್ತಾರೆ. ಅವುಗಳ ನಡುವಣ ಉಬ್ಬುಗಳನ್ನು ಪಿಸ್ಟನ್ನಿನ ಉಂಗುರಗಳು ಉಜ್ಜಿ ಸಮಗೊಳಿಸುತ್ತವೆ. ಉಂಗುರಗಳನ್ನು ಗೋಡೆಗೆ ಅದುಮುವುದು ಉರಿದ ಅನಿಲದ ಒತ್ತಡವೇ. ಆದುದರಿಂದ ಮೊದಲ 1,000 ಕಿ.ಮೀ.ವರೆಗೆ ಎಂಜಿನ್ನನ್ನು ಅತಿಯಾಗಿ ದುಡಿಸದೆ, ತೀರ ಮೆಲ್ಲಗೂ ಓಡಿಸದೆ, ವೇಗವನ್ನು ಆಗಾಗ ಬದಲಿಸುತ್ತಿರಬೇಕು. ಪಳಗಿದ ಎಂಜಿನ್ನಿನಲ್ಲಿ ಘರ್ಷಣೆ ಇಳಿಯುವುದು ದಿಟ. ಆದರೆ ಉಳಿತಾಯ ಅಲ್ಪ.

ದೊಡ್ಡ ನಷ್ಟವಾಗುವುದು ಬೇರೆಡೆ. ಜನರೂ ಸೇರಿ 900 ಕಿಲೋಗ್ರಾಂ ತೂಗುವ ಪುಟ್ಟ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 1,25,000 ಜೂಲ್. ಬ್ರೇಕು ಒತ್ತಿ ನಿಲ್ಲಿಸಿದರೆ ಅಷ್ಟೂ ಶಾಖವಾಗಿ ಹೋಗುತ್ತದೆ. ಲೀಟರ್ ಪೆಟ್ರೋಲಿನಲ್ಲಿರುವ ಸುಮಾರು 3.2 ಕೋಟಿ ಜೂಲ್ ಶಕ್ತಿಯಲ್ಲಿ ಕಾಲುಭಾಗ ಚಕ್ರಗಳಿಗೆ ತಲಪಿತೆಂದು ಎಣಿಸಿದರೆ, ಇಂತಹ 64 ನಿಲುಗಡೆಗಳಿಗೆ ಒಂದು ಲೀಟರ್ ವ್ಯಯವಾಯಿತು. ಹೆದ್ದಾರಿಯಲ್ಲಿ ವೇಗ 60ರಿಂದ 90ಕ್ಕೇರಿದರೆ ಗಾಳಿಯ ತಡೆ ಎರಡೂಕಾಲು ಪಟ್ಟಾಗುತ್ತದೆ.

ಪ್ರಕಟಿತ ಮೈಲೇಜನ್ನು ಅಳೆಯುವುದು ಪ್ರಯೋಗಶಾಲೆಯ ಉರುಳೆಗಳ ಮೇಲೆ, ಗೊತ್ತುಪಡಿಸಿದ ವೇಗಕ್ರಮದಲ್ಲಿ. ನಮ್ಮ ಬೀದಿಗಳಿಗೆ ಆ ಕ್ರಮ ತಿಳಿಯದು. ಮುಂದಿನ ನಿಲುಗಡೆಯನ್ನು ದೂರದಿಂದಲೇ ಕಂಡು ಪಾದವನ್ನು ಹಗುರಗೊಳಿಸುವ ಚಾಲಕನೇ ಪೆಟ್ರೋಲಿನ ನಿಜವಾದ ಮಿತವ್ಯಯಿ.